ಕರ್ಟ್ ಫ್ಲಡ್: ಸೋತ ಮೊಕದ್ದಮೆ, ಉಳಿದವರಿಗೆ ದಕ್ಕಿದ ಹಕ್ಕು

1969ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬೇಸ್‌ಬಾಲ್ ಕ್ಲಬ್ಬಿನ ಕಚೇರಿಯಿಂದ ಅದರ ಆಟಗಾರ ಕರ್ಟ್ ಫ್ಲಡ್ ಅವರಿಗೆ ಒಂದು ಫೋನ್ ಬಂತು. ನಿಮ್ಮನ್ನು ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟಾಗಿದೆ ಎಂಬ ಸುದ್ದಿ. ಅದೇ ಊರಲ್ಲಿ 12 ವರ್ಷ ಆಡಿ ಬದುಕು ಕಟ್ಟಿಕೊಂಡಿದ್ದವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಕೇಳುವ ಅಗತ್ಯವೂ ಇರಲಿಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ 1879ರಿಂದಲೂ 'ರಿಸರ್ವ್ ಕ್ಲಾಝ್', ಅಂದರೆ ಆಟಗಾರನನ್ನು ತಂಡಕ್ಕೇ ಕಾಯ್ದಿರಿಸುವ ಷರತ್ತು, ಎಂಬ ಕಟ್ಟಳೆಯಿತ್ತು. ಮೊದಲು ಪ್ರತಿ ತಂಡ ಐವರನ್ನಷ್ಟೇ ಹೀಗೆ ಹಿಡಿದಿಟ್ಟುಕೊಳ್ಳುತ್ತಿತ್ತು. ಬರಬರುತ್ತಾ ಎಲ್ಲರ ಕರಾರಿಗೂ ಅದು ಸೇರಿತು. ಕರಾರು ಒಂದೇ ವರ್ಷದ್ದು. ಅವಧಿ ಮುಗಿದಾಗ ಇನ್ನೊಂದು ವರ್ಷಕ್ಕೆ ಮುಂದುವರಿಸುವ ಹಕ್ಕು ಮಾಲೀಕರದು. ಅದು ಮುಗಿದರೆ ಮತ್ತೊಂದು ವರ್ಷ. ಹೀಗೆ ಒಮ್ಮೆ ಸಹಿ ಹಾಕಿದವನು ಆಟ ಬಿಡುವತನಕ ಅವರ ಆಳು. ಬೇಸ್‌ಬಾಲ್ ಅಂತರರಾಜ್ಯ ವ್ಯಾಪಾರವಲ್ಲ, ಏಕಸ್ವಾಮ್ಯ ತಡೆ ಕಾಯ್ದೆ ಅದಕ್ಕೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 1922ರಲ್ಲೇ ಹೇಳಿಬಿಟ್ಟಿತ್ತು.

ಫ್ಲಡ್ ಆಗ ಆಟದ ಉತ್ತುಂಗದಲ್ಲಿದ್ದರು. ಸೆಂಟರ್ ಫೀಲ್ಡರ್ ಆಗಿ 1963ರಿಂದ ಸತತ 7 ವರ್ಷ ಗೋಲ್ಡ್ ಗ್ಲೋವ್ ಎಂಬ ಶ್ರೇಷ್ಠ ಕ್ಷೇತ್ರರಕ್ಷಣೆಯ ಪ್ರಶಸ್ತಿ. 1964 ಮತ್ತು 1967ರಲ್ಲಿ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿ ಗೆದ್ದ ತಂಡದ ಆಧಾರ. ಅವರ ಹಟದ ಬೇರು ಮಾತ್ರ ಇನ್ನೂ ಹಿಂದಿನ ದಿನಗಳಲ್ಲಿದೆ ಎಂದು ನನಗನಿಸುತ್ತದೆ. ಹದಿಹರೆಯದಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಸಣ್ಣ ಲೀಗ್ ಆಡುವಾಗ, ಎರಡು ಪಂದ್ಯಗಳ ನಡುವೆ ಎಲ್ಲರಂತೆ ತಮ್ಮ ಬೆವರಿನ ಅಂಗಿಯನ್ನೂ ಒಗೆಯುವ ರಾಶಿಗೆ ಹಾಕಿದರು. ಕೆಲಸದವನು ಕಿರುಚಿ, ಮೊಳೆ ಬಡಿದ ಉದ್ದನೆಯ ಕೋಲಿನಿಂದ ಆ ಅಂಗಿಯನ್ನು ಬೇರೆ ತೆಗೆದು, ಕಪ್ಪು ಜನರ ಬಟ್ಟೆ ಒಗೆಯುವಲ್ಲಿಗೆ ಕಳಿಸಿದ. ಉಳಿದವರು ಮೈದಾನಕ್ಕಿಳಿದರೆ, ಹುಡುಗ ಬರಿಮೈಯಲ್ಲಿ ಅಂಗಿಗಾಗಿ ಕಾಯುತ್ತ ಕುಳಿತಿದ್ದ.

1969ರ ಡಿಸೆಂಬರ್ 24ರಂದು ಅವರು ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಕಮಿಷನರ್ ಬೋವಿ ಕೂನ್ ಅವರಿಗೆ ಪತ್ರ ಬರೆದರು: ನನ್ನ ಇಷ್ಟಾನಿಷ್ಟ ಕೇಳದೆ ಕೊಂಡು ಮಾರುವ ಆಸ್ತಿ ನಾನಲ್ಲ. ವರ್ಷಕ್ಕೆ 90,000 ಡಾಲರ್ ಪಡೆಯುವವನಿಗೆ ಏನು ಕಷ್ಟ ಎಂಬ ಮಾತಿಗೆ ಟಿವಿಯಲ್ಲಿ ಉತ್ತರ ಕೊಟ್ಟರು: ಸಂಬಳ ಚೆನ್ನಾಗಿದ್ದರೂ ಗುಲಾಮ ಗುಲಾಮನೇ.

ಆ ಕಟ್ಟಳೆಯ ವಿರುದ್ಧ ಮೊಕದ್ದಮೆ ಹೂಡಿದರು. ಮೇಜರ್ ಲೀಗ್‌ನಲ್ಲಿ ವರ್ಣಭೇದದ ಗೋಡೆ ಒಡೆದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬಂದು ಸಾಕ್ಷಿ ಹೇಳಿದರು. ಆಗ ಆಡುತ್ತಿದ್ದ ಒಬ್ಬ ಆಟಗಾರನೂ ನ್ಯಾಯಾಲಯದಲ್ಲಿ ಬಂದು ಕೂರಲಿಲ್ಲ. ಅವರಿಗೂ ಕೆಲಸದ ಭಯವಿತ್ತು, ಒಪ್ಪುತ್ತೇನೆ; ಆದರೂ ಆ ಖಾಲಿ ಕುರ್ಚಿಗಳನ್ನು ನೆನೆದರೆ ಸಂಕಟವಾಗುತ್ತದೆ. 1972ರ ಜೂನ್‌ನಲ್ಲಿ 5-3ರ ಬಹುಮತದಿಂದ ಸುಪ್ರೀಂ ಕೋರ್ಟ್ ಫ್ಲಡ್ ವಿರುದ್ಧ ತೀರ್ಪು ಕೊಟ್ಟಿತು.

ಅಷ್ಟರಲ್ಲಿ ಆಟ ಮುಗಿದುಹೋಗಿತ್ತು. 1970ರಲ್ಲಿ ಒಂದೂ ಪಂದ್ಯ ಆಡಲಿಲ್ಲ. 1971ರಲ್ಲಿ ವಾಷಿಂಗ್ಟನ್ ತಂಡ ಸೇರಿ, 13 ಪಂದ್ಯ ಆಡಿ, ಅರ್ಧಕ್ಕೇ ಬಿಟ್ಟು ಹೊರಟರು. ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಬಾರ್ ನಡೆಸಿದರು. ಕುಡಿತ ಅಂಟಿಕೊಂಡಿತು. ತಾಯ್ನಾಡಿಗೆ ಮರಳಿ 1978ರಲ್ಲಿ ಓಕ್‌ಲ್ಯಾಂಡ್ ತಂಡಕ್ಕೆ ವೀಕ್ಷಕ ವಿವರಣೆ ಕೊಟ್ಟರು. 1997ರ ಜನವರಿ 20ರಂದು ಗಂಟಲಿನ ಕ್ಯಾನ್ಸರ್‌ನಿಂದ ತೀರಿಕೊಂಡಾಗ 59 ವರ್ಷ.

ಅವರು ಅಲುಗಾಡಿಸಿದ ಗೋಡೆ ಬಿದ್ದದ್ದು 1975ರ ಡಿಸೆಂಬರ್‌ನಲ್ಲಿ. ಹೊಸ ಕರಾರಿಗೆ ಸಹಿ ಹಾಕದೆ ಒಂದು ವರ್ಷ ದಾಟಿಸಿದ್ದ ಆಟಗಾರರಾದ ಆಂಡಿ ಮೆಸರ್‌ಸ್ಮಿತ್, ಡೇವ್ ಮೆಕ್‌ನ್ಯಾಲಿ ಇಬ್ಬರೂ ಸ್ವತಂತ್ರರು ಎಂದು ಮಧ್ಯಸ್ಥಗಾರ ಪೀಟರ್ ಸೈಟ್ಜ್ ತೀರ್ಪಿತ್ತರು. 1998ರಲ್ಲಿ, ಮೇಜರ್ ಲೀಗ್ ಆಟಗಾರರಿಗೂ ಏಕಸ್ವಾಮ್ಯ ತಡೆ ಕಾಯ್ದೆಯ ರಕ್ಷಣೆ ಕೊಡುವ ಕಾಯ್ದೆ ಫ್ಲಡ್ ಹೆಸರಿನಲ್ಲೇ ಬಂತು. ಅವರು ಸತ್ತು 21 ತಿಂಗಳಾಗಿತ್ತು.

ಇವಕ್ಕೂ ಮೊದಲು, 1973ರಲ್ಲಿ ಇನ್ನೊಂದು ನಿಯಮ ಬಂದಿತ್ತು: ಮೇಜರ್ ಲೀಗ್‌ನಲ್ಲಿ 10 ವರ್ಷ ಆಡಿ, ಅದರಲ್ಲಿ ಕೊನೆಯ 5 ವರ್ಷ ಒಂದೇ ತಂಡದಲ್ಲಿದ್ದವರನ್ನು ಅವರ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕಳಿಸುವಂತಿಲ್ಲ. ನಾಲ್ಕು ವರ್ಷ ಮೊದಲೇ ಅದು ಇದ್ದಿದ್ದರೆ, ಫ್ಲಡ್ ಆ ಫೋನಿನಲ್ಲೇ 'ಆಗಲ್ಲ' ಎಂದು ಹೇಳಿ ಇಡಬಹುದಿತ್ತು.