ಕಾರ್ಟರ್ ‘ಒಳ್ಳೆಯ ಮನುಷ್ಯ, ಕೆಟ್ಟ ಅಧ್ಯಕ್ಷ’: ಈ ಮಾತು ನಿಜವೇ?

ಪ್ರಶ್ನೆ: ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತೀರಿಕೊಂಡಾಗ ‘ಮನುಷ್ಯರಾಗಿ ದೊಡ್ಡವರು, ಅಧ್ಯಕ್ಷರಾಗಿ ಸೋತವರು’ ಎಂದು ಬರೆದವರೇ ಹೆಚ್ಚು. ಇಸ್ರೇಲ್ ಬಗ್ಗೆ ಅವರು ಆಡಿದ ಮಾತುಗಳನ್ನು ನೆನೆದು ಬೈದವರೂ ಇದ್ದರು. ಯಾವುದನ್ನು ನಂಬಬೇಕು?

ಉತ್ತರ: ‘ಒಳ್ಳೆಯ ಮನುಷ್ಯ, ಕೆಟ್ಟ ಅಧ್ಯಕ್ಷ’ ಎಂಬ ಮಾತು ಇಷ್ಟು ವರ್ಷ ಬಾಳಿದ್ದು ಅದು ನಿಜವೆಂಬ ಕಾರಣಕ್ಕಲ್ಲ, ಎಲ್ಲರಿಗೂ ಅನುಕೂಲವಾಗಿತ್ತು ಎಂಬ ಕಾರಣಕ್ಕೆ. ರಿಪಬ್ಲಿಕನ್ನರು ಅವರ ಆಡಳಿತವನ್ನು ಹಳಿಯಬಹುದಿತ್ತು. ಡೆಮಾಕ್ರಟರು ಸೋಲಿನ ಲೆಕ್ಕ ಕೇಳದೆ ಅವರಿಗೆ ನಮಸ್ಕರಿಸಬಹುದಿತ್ತು. ಶ್ರದ್ಧಾಂಜಲಿ ಬರೆಯುವವರ ಕೆಲಸವಂತೂ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. ನನಗೆ ಕಾಣುವ ಮಟ್ಟಿಗೆ ಶ್ವೇತಭವನದಲ್ಲಿ ಕುಳಿತಿದ್ದವರೂ ಅಲ್ಲಿಂದ ಹೊರಬಂದ ಮೇಲೆ ಜಗತ್ತು ಸುತ್ತಿದವರೂ ಒಬ್ಬರೇ. ತಮಗೆ ಸರಿ ಎನಿಸಿದ್ದಕ್ಕೆ ಪಟ್ಟು ಹಿಡಿಯುವ ಹಟಮಾರಿ. ಆ ಹಟ ಕೆಲವು ಸಲ ಕೈಹಿಡಿಯಿತು, ಕೆಲವು ಸಲ ಕೈಕೊಟ್ಟಿತು.

ಮೊದಲು ಸೋಲಿನ ವಿಚಾರ. 1980ರ ಚುನಾವಣೆಯಲ್ಲಿ ರೊನಾಲ್ಡ್ ರೇಗನ್ ಅವರಿಗೆ 489 ಎಲೆಕ್ಟೋರಲ್ ಮತಗಳು, ಅಧಿಕಾರದಲ್ಲಿದ್ದ ಕಾರ್ಟರ್‌ಗೆ ಬರೀ 49. ಆ ವರ್ಷ ಹಣದುಬ್ಬರ ಶೇ 13 ದಾಟಿತ್ತು. ಇರಾನಿನ ರಾಜಧಾನಿ ಟೆಹರಾನಿನ ಅಮೆರಿಕ ರಾಯಭಾರ ಕಚೇರಿಯಲ್ಲಿ ಸೆರೆಯಾದ 52 ಅಮೆರಿಕನ್ನರು ಒಟ್ಟು 444 ದಿನ ಒತ್ತೆಯಾಳುಗಳಾಗಿದ್ದರು. ಅವರನ್ನು ಬಿಡಿಸಲು 1980ರ ಏಪ್ರಿಲ್‌ನಲ್ಲಿ ಕಳುಹಿಸಿದ ಸೇನಾ ತುಕಡಿ ಇರಾನಿನ ಮರುಭೂಮಿ ದಾಟಲೇ ಇಲ್ಲ. ಎಂಟು ಸೈನಿಕರು ಸತ್ತರು. ಕೊನೆಗೆ ಬಿಡುಗಡೆಯಾದದ್ದು ರೇಗನ್ ಪ್ರಮಾಣವಚನ ಸ್ವೀಕರಿಸಿದ ಕೆಲವೇ ನಿಮಿಷಗಳಲ್ಲಿ. ಇಷ್ಟಾದ ಮೇಲೆ ಮತದಾರರನ್ನು ದೂರುವಂತಿಲ್ಲ.

ಆದರೆ ಅದೇ ಹಣದುಬ್ಬರದ ಕಥೆಗೆ ಇನ್ನೊಂದು ಮಗ್ಗುಲಿದೆ. 1979ರ ಆಗಸ್ಟ್‌ನಲ್ಲಿ ಪಾಲ್ ವೋಲ್ಕರ್ ಅವರನ್ನು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಮುಖ್ಯಸ್ಥರನ್ನಾಗಿ ನೇಮಿಸಿದವರು ಕಾರ್ಟರ್. ವೋಲ್ಕರ್ ಬಡ್ಡಿದರವನ್ನು ಶೇ 20ರ ಸಮೀಪಕ್ಕೆ ಏರಿಸಿದರು, ಉದ್ಯೋಗಗಳು ಹೋದವು, ಮನೆ ಸಾಲ ಕೈಗೆಟುಕದಾಯಿತು. ಬೆಲೆಗಳು ಹತೋಟಿಗೆ ಬಂದದ್ದು ಕೆಲವು ವರ್ಷಗಳ ಬಳಿಕ, ರೇಗನ್ ಕಾಲದಲ್ಲಿ. ಕಹಿ ಕಷಾಯ ಕುಡಿಸಿದವರು ಒಬ್ಬರು, ಜ್ವರ ಬಿಟ್ಟಾಗ ಹೆಸರು ಪಡೆದವರು ಇನ್ನೊಬ್ಬರು.

1978ರ ಸೆಪ್ಟೆಂಬರ್‌ನಲ್ಲಿ ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದತ್ ಮತ್ತು ಇಸ್ರೇಲಿನ ಪ್ರಧಾನಿ ಮೆನಾಚೆಮ್ ಬೆಗಿನ್ ಅವರನ್ನು ಅಮೆರಿಕ ಅಧ್ಯಕ್ಷರ ವಿಶ್ರಾಂತಿಧಾಮವಾದ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಕೂಡಿಹಾಕಿಕೊಂಡು ಒಪ್ಪಂದಕ್ಕೆ ತಂದದ್ದೂ ಅದೇ ಪಟ್ಟಿನಿಂದ. ಮರುವರ್ಷ ಸಹಿಯಾದ ಶಾಂತಿ ಒಪ್ಪಂದದ ನಂತರ ಆ ಎರಡು ದೇಶಗಳು ಮತ್ತೆ ಯುದ್ಧ ಮಾಡಿಲ್ಲ. ಕ್ಯಾಂಪ್ ಡೇವಿಡ್‌ನಲ್ಲಿ ಇನ್ನೊಂದು ಮಾತೂ ಆಗಿತ್ತು: ಪಶ್ಚಿಮ ದಂಡೆ ಮತ್ತು ಗಾಜಾದ ಪ್ಯಾಲೆಸ್ಟೀನಿಯರಿಗೆ ಸ್ವಯಮಾಡಳಿತ. ಅದು ಕಾಗದದಲ್ಲೇ ಉಳಿಯಿತು. ಆ ಪ್ರದೇಶಗಳಲ್ಲಿ ಯೆಹೂದಿಯರ ಹೊಸ ವಸಾಹತುಗಳನ್ನು ತಡೆಹಿಡಿಯುವುದಾಗಿ ಬೆಗಿನ್ ಮಾತು ಕೊಟ್ಟಿದ್ದರೆಂದು ಕಾರ್ಟರ್, ಕೊಟ್ಟದ್ದು ಬರೀ ಮೂರು ತಿಂಗಳ ಮಾತು ಎಂದು ಬೆಗಿನ್. ಈ ಜಗಳವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ‘ಒಳ್ಳೆಯ ಮನುಷ್ಯ’ ಎಂಬ ಅರ್ಧ. 1970ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಹುದ್ದೆಗೆ ನಿಂತಾಗ ಕಾರ್ಟರ್, ಕರಿಯರನ್ನು ದೂರವಿಡಬೇಕೆನ್ನುವ ಬಿಳಿಯರ ಮತಗಳನ್ನು ಓಲೈಸಿಯೇ ಗೆದ್ದರು. ಗೆದ್ದು 1971ರ ಜನವರಿಯಲ್ಲಿ ಪ್ರಮಾಣವಚನ ಸ್ವೀಕರಿಸಿದ ದಿನವೇ, ಜನಾಂಗೀಯ ತಾರತಮ್ಯದ ಕಾಲ ಮುಗಿಯಿತು ಎಂದು ಘೋಷಿಸಿದರು. ಘೋಷಣೆಯನ್ನು ಮೆಚ್ಚುವವರು ಅದಕ್ಕೆ ಹತ್ತಿದ ಏಣಿಯನ್ನೂ ನೋಡಬೇಕು. ಅಧ್ಯಕ್ಷರಾದ ಮೇಲೆ ಮಾನವ ಹಕ್ಕುಗಳನ್ನು ವಿದೇಶಾಂಗ ನೀತಿಯ ಕೇಂದ್ರಕ್ಕೆ ತಂದರು, ನಿಜ. ಪೂರ್ವ ಟಿಮೋರನ್ನು ಆಕ್ರಮಿಸಿಕೊಂಡಿದ್ದ ಇಂಡೋನೇಷ್ಯಕ್ಕೆ ಶಸ್ತ್ರಾಸ್ತ್ರ ಕಳುಹಿಸುವುದನ್ನು ನಿಲ್ಲಿಸಲಿಲ್ಲ ಎಂಬುದೂ ನಿಜ. 1977ರ ಡಿಸೆಂಬರ್ 31ರ ರಾತ್ರಿ ಟೆಹರಾನಿನ ಔತಣಕೂಟದಲ್ಲಿ ದೊರೆ ಶಾ ಆಳ್ವಿಕೆಯ ಇರಾನನ್ನು ಅವರು ಸ್ಥಿರತೆಯ ದ್ವೀಪವೆಂದು ಹೊಗಳಿದರು. ಹದಿಮೂರು ತಿಂಗಳೊಳಗೆ ಶಾ ದೇಶ ಬಿಟ್ಟು ಓಡಿದ್ದರು.

ಟೆಹರಾನಿನಿಂದ ಅವರು ಬಂದದ್ದು ದೆಹಲಿಗೆ. ಅಲ್ಲಿನ ಪ್ರಸಂಗ ನಮ್ಮ ಹಿರಿಯ ಪತ್ರಿಕಾ ಓದುಗರಿಗೆ ನೆನಪಿರಬಹುದು. 1974ರ ಪೋಖ್ರಾನ್ ಸ್ಫೋಟದ ನಂತರ ಭಾರತದ ಅಣು ಕೇಂದ್ರಗಳೆಲ್ಲ ತಪಾಸಣೆಗೆ ತೆರೆದಿರಬೇಕು ಎಂಬುದು ಅಮೆರಿಕದ ಒತ್ತಾಯ. ಮೊರಾರ್ಜಿ ದೇಸಾಯಿ ಒಪ್ಪಲಿಲ್ಲ. ಮೈಕ್ ಚಾಲೂ ಇರುವುದು ತಿಳಿಯದೆ ಕಾರ್ಟರ್ ತಮ್ಮ ವಿದೇಶಾಂಗ ಕಾರ್ಯದರ್ಶಿ ಸೈರಸ್ ವಾನ್ಸ್‌ಗೆ, ಊರಿಗೆ ಮರಳಿದ ಮೇಲೆ ಇವರಿಗೊಂದು ತಣ್ಣನೆಯ, ಖಡಕ್ ಪತ್ರ ಬರೆಯಬೇಕು ಎಂದುಬಿಟ್ಟರು. ಪತ್ರಕರ್ತರ ಯಂತ್ರಗಳಲ್ಲಿ ಅದು ದಾಖಲಾಯಿತು. ದೇಸಾಯಿ ಅದನ್ನು ದೊಡ್ಡದು ಮಾಡಲಿಲ್ಲ. ಮರುದಿನ ಕಾರ್ಟರ್ ಹರಿಯಾಣದ ಒಂದು ಹಳ್ಳಿಗೆ ಹೋದರು. ಆ ಹಳ್ಳಿ ಈಗ ಕಾರ್ಟರ್‌ಪುರಿ. 1980ರ ಹೊತ್ತಿಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನದಲ್ಲಿತ್ತು. ಆಗ ಇದೇ ಕಾರ್ಟರ್ ಭಾರತದ ತಾರಾಪುರ ಅಣು ವಿದ್ಯುತ್ ಸ್ಥಾವರಕ್ಕೆ 38 ಟನ್ ಯುರೇನಿಯಂ ಕಳುಹಿಸಲು ಮುಂದಾದರು, ಸೆನೆಟ್‌ನಲ್ಲಿ ಅದು ಉಳಿದದ್ದು 48–46ರ ಕೂದಲೆಳೆಯ ಅಂತರದಿಂದ. ತತ್ವ ಮತ್ತು ತಂತ್ರಗಾರಿಕೆ ಎರಡೂ ಒಬ್ಬರಲ್ಲೇ ಇದ್ದವು.

ನೀವು ಕೇಳಿದ ವಿವಾದಗಳು ಶುರುವಾಗುವುದು ಅಧಿಕಾರ ಹೋದ ಮೇಲೆ. ಹಾಲಿ ಅಧ್ಯಕ್ಷರ ವಿದೇಶಾಂಗ ವ್ಯವಹಾರದಲ್ಲಿ ಮಾಜಿಗಳು ತಲೆ ಹಾಕಬಾರದು ಎಂಬುದು ಅಲ್ಲಿನ ಬರೆಯದ ಕಟ್ಟಳೆ. ಕಾರ್ಟರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1990ರಲ್ಲಿ ಕೊಲ್ಲಿ ಯುದ್ಧಕ್ಕೆ ಬೆಂಬಲ ಕೊಡಬೇಡಿ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸದಸ್ಯ ದೇಶಗಳ ನಾಯಕರಿಗೇ ಪತ್ರ ಬರೆದರು. ಬುಷ್ ಆಡಳಿತ ಕೆಂಡಾಮಂಡಲವಾಯಿತು. ಇದು ನನ್ನ ದೃಷ್ಟಿಯಲ್ಲೂ ಗೆರೆ ದಾಟಿದ ನಡೆ. 1994ರಲ್ಲಿ ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗ್‌ಗೆ ಹೋಗಿ ಆ ದೇಶದ ನಾಯಕ ಕಿಮ್ ಇಲ್ ಸುಂಗ್ ಜೊತೆ ಅಣು ಬಿಕ್ಕಟ್ಟಿನ ಬಗ್ಗೆ ಮಾತಾಡಿ, ಶ್ವೇತಭವನದಲ್ಲಿ ಇನ್ನೂ ಸಭೆ ನಡೆಯುತ್ತಿರುವಾಗಲೇ ಫಲಿತಾಂಶವನ್ನು ಸಿಎನ್‌ಎನ್ ವಾಹಿನಿಯಲ್ಲಿ ಪ್ರಕಟಿಸಿದರು. ಕ್ಲಿಂಟನ್ ಅಧಿಕಾರಿಗಳು ಹಲ್ಲು ಕಡಿದರು, ಯುದ್ಧದ ಕಾವು ಮಾತ್ರ ಇಳಿಯಿತು.

ಎಲ್ಲಕ್ಕಿಂತ ದೊಡ್ಡ ಗದ್ದಲ 2006ರ ಪುಸ್ತಕದ್ದು. ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟು, ಪಶ್ಚಿಮ ದಂಡೆಯಲ್ಲಿ ಇಸ್ರೇಲ್ ನಡೆಸುತ್ತಿರುವುದು ಅಂಥದ್ದೇ ಎಂದರು. ಇಸ್ರೇಲಿನ ಒಳಗಿನ ಆಡಳಿತಕ್ಕೆ ಈ ಮಾತು ಅನ್ವಯಿಸುವುದಿಲ್ಲ ಎಂದೂ ಹೇಳಿದ್ದರು. ಶೀರ್ಷಿಕೆಯ ಅಬ್ಬರದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಅವರದೇ ಪಕ್ಷದ ನ್ಯಾನ್ಸಿ ಪೆಲೋಸಿ ದೂರ ಸರಿದರು. 2007ರ ಜನವರಿಯಲ್ಲಿ, ಕಾರ್ಟರ್ ಕಟ್ಟಿದ ಸೇವಾಸಂಸ್ಥೆ ಕಾರ್ಟರ್ ಸೆಂಟರ್‌ನ ಸಲಹಾ ಮಂಡಳಿಯ 14 ಮಂದಿ ಒಟ್ಟಿಗೆ ರಾಜೀನಾಮೆ ಕೊಟ್ಟರು. ಪುಸ್ತಕದ ಒಂದು ವಾಕ್ಯವನ್ನು ಓದಿದರೆ, ಪ್ಯಾಲೆಸ್ಟೀನಿಯರ ಬೇಡಿಕೆ ಈಡೇರುವವರೆಗೆ ಆತ್ಮಾಹುತಿ ದಾಳಿಗಳು ಒಪ್ಪತಕ್ಕವು ಎಂಬ ಅರ್ಥ ಬರುತ್ತಿತ್ತು. ಬ್ರಾಂಡೈಸ್ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಅದಕ್ಕೆ ಅವರು ಕ್ಷಮೆ ಕೇಳಿದರು. ವಾದದ ತಿರುಳನ್ನು ಮಾತ್ರ ಬಿಡಲಿಲ್ಲ.

ಅವರನ್ನು ಯೆಹೂದಿ ದ್ವೇಷಿ ಎಂದವರಿಗೆ ನನ್ನ ಉತ್ತರ ಕ್ಯಾಂಪ್ ಡೇವಿಡ್‌ನಲ್ಲಿದೆ. ಇಸ್ರೇಲಿಗೆ ಅದರ ಅತಿದೊಡ್ಡ ಶತ್ರುವಿನೊಂದಿಗೆ ಶಾಂತಿ ಮಾಡಿಸಿಕೊಟ್ಟವರು, ಅದೇ ಒಪ್ಪಂದದ ಉಳಿದರ್ಧ ನಡೆಯಲಿಲ್ಲವೆಂದು ಕೊನೆಯವರೆಗೂ ಕೊರಗಿದರು. ಆ ಕೊರಗಿನಲ್ಲಿ ಪ್ಯಾಲೆಸ್ಟೀನ್ ನಾಯಕರ ತಪ್ಪುಗಳನ್ನು ಹಗುರವಾಗಿ ತೂಗಿದರು ಎಂಬ ಟೀಕೆಯಲ್ಲಿ ಹುರುಳಿದೆ. 2021ರಲ್ಲಿ ಇಸ್ರೇಲಿನದೇ ಮಾನವ ಹಕ್ಕು ಸಂಸ್ಥೆ ಬೆತ್ಸೆಲೆಮ್ ಮತ್ತು ಹ್ಯೂಮನ್ ರೈಟ್ಸ್ ವಾಚ್, ಮರುವರ್ಷ ಆಮ್ನೆಸ್ಟಿ ‘ವರ್ಣಭೇದ’ ಎಂಬ ಅದೇ ಪದವನ್ನು ಬಳಸಿದವು. ಇಸ್ರೇಲ್ ಅದನ್ನು ಅಲ್ಲಗಳೆದಿದೆ. ಕಾರ್ಟರ್ ಸರಿ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ 2006ರಲ್ಲಿ ಆಡಬಾರದಾಗಿದ್ದ ಮಾತು ಹದಿನೈದು ವರ್ಷದಲ್ಲಿ ಚರ್ಚೆಯ ಮಾತಾಯಿತು.

ಪರಂಪರೆಯ ಅಳತೆಗೋಲು ಹೀಗೆಯೇ ಜರುಗುತ್ತಿರುತ್ತದೆ. ಇತಿಹಾಸಕಾರರಿಂದ ಅಧ್ಯಕ್ಷರಿಗೆ ಅಂಕ ಕೊಡಿಸುವ ಸಿ-ಸ್ಪ್ಯಾನ್ ಸಮೀಕ್ಷೆಯಲ್ಲಿ ವುಡ್ರೊ ವಿಲ್ಸನ್ 2000ದಲ್ಲಿ 6ನೇ ಸ್ಥಾನದಲ್ಲಿದ್ದರು, 2021ರಲ್ಲಿ 13ಕ್ಕೆ ಇಳಿದರು. ಸರ್ಕಾರಿ ಕಚೇರಿಗಳಲ್ಲಿ ಅವರು ಬೆಳೆಸಿದ ವರ್ಣಭೇದಕ್ಕೆ ಈಗ ಹೆಚ್ಚು ತೂಕ. 2020ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ತನ್ನ ಸಾರ್ವಜನಿಕ ನೀತಿ ಶಾಲೆಗಿದ್ದ ಅವರ ಹೆಸರನ್ನೇ ತೆಗೆಯಿತು. ಯುಲಿಸಿಸ್ ಗ್ರಾಂಟ್ 33ರಿಂದ 20ಕ್ಕೆ ಏರಿದರು. ತಮಾಷೆಯೆಂದರೆ, ಇಷ್ಟೆಲ್ಲ ಹೊಗಳಿಕೆಯ ನಡುವೆಯೂ ಕಾರ್ಟರ್ 22ರಿಂದ 26ಕ್ಕೆ ಇಳಿದಿದ್ದಾರೆ. ಸಮೀಕ್ಷೆ ಅಳೆಯುವುದು ನಾಲ್ಕು ವರ್ಷದ ಆಡಳಿತವನ್ನು, ನಂತರದ ನಲವತ್ತನಾಲ್ಕನ್ನಲ್ಲ.

ಆ ನಲವತ್ತನಾಲ್ಕರಲ್ಲಿ ತಕರಾರಿಲ್ಲದ ಕೆಲಸವೆಂದರೆ ಕಾರ್ಟರ್ ಸೆಂಟರ್ ನಡೆಸಿದ ನಾರುಹುಣ್ಣಿನ ವಿರುದ್ಧದ ಹೋರಾಟ. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗಿದ್ದ ಈ ಹುಳುವಿನ ರೋಗ 2023ರಲ್ಲಿ 14 ಜನರಲ್ಲಿ ಕಂಡಿತು. ಮೆಟ್ಟಿಲುಬಾವಿಯ ನೀರು ಕುಡಿಯುತ್ತಿದ್ದ ಕರ್ನಾಟಕದ ಹಳ್ಳಿಗಳಲ್ಲೂ ಇದು ಇತ್ತು. ಭಾರತ ಇದರಿಂದ ಮುಕ್ತವಾದದ್ದು 1980ರ ದಶಕದಲ್ಲೇ ಆರಂಭಿಸಿದ ಸ್ವಂತ ಕಾರ್ಯಕ್ರಮದಿಂದ, ಆ ಶ್ರೇಯವನ್ನು ಕಾರ್ಟರ್‌ಗೆ ಕೊಡಬೇಕಿಲ್ಲ. ಆಫ್ರಿಕದ ಮಟ್ಟಿಗೆ ಕೊಡಲೇಬೇಕು.

ಇನ್ನು ವಾದ ಮುಗಿಯಿತೇ ಎಂದರೆ, ಇಲ್ಲ. ಪನಾಮ ಕಾಲುವೆಯನ್ನು ಪನಾಮಕ್ಕೇ ಮರಳಿಸುವ ಒಪ್ಪಂದಗಳಿಗೆ ಕಾರ್ಟರ್ 1977ರಲ್ಲಿ ಸಹಿ ಹಾಕಿದ್ದರು. 1999ರ ಕೊನೆಯ ದಿನ ಹಸ್ತಾಂತರವೂ ಮುಗಿದಿತ್ತು. 2025ರ ಜನವರಿ 7ರಂದು ಅವರ ಪಾರ್ಥಿವ ಶರೀರ ವಾಷಿಂಗ್ಟನ್ ತಲುಪಿದ ದಿನವೇ, ಅಧಿಕಾರಕ್ಕೇರಲಿದ್ದ ಡೊನಾಲ್ಡ್ ಟ್ರಂಪ್ ಸುದ್ದಿಗೋಷ್ಠಿಯಲ್ಲಿ ಕಾಲುವೆಯನ್ನು ಬಿಟ್ಟುಕೊಟ್ಟದ್ದು ದೊಡ್ಡ ತಪ್ಪು ಎಂದರು. ಎರಡು ದಿನದ ಬಳಿಕ ಅಂತ್ಯಕ್ರಿಯೆಯ ಪ್ರಾರ್ಥನೆಗೆ ಬಂದು ಮುಂದಿನ ಸಾಲುಗಳಲ್ಲಿ ಕುಳಿತರು.