ಲ್ಯಾವೆಲ್ ರಸ್ತೆಯ ಲ್ಯಾವೆಲ್ ಕೋಲಾರದ ಚಿನ್ನ ಕಂಡುಹಿಡಿದದ್ದು ನಿಜವೇ?

ಪ್ರಶ್ನೆ: ನಮ್ಮ ಆಫೀಸು ಇರುವುದು ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ. ಕೆಜಿಎಫ್‌ನಲ್ಲಿ ಚಿನ್ನ ಕಂಡುಹಿಡಿದ ಇಂಗ್ಲಿಷಿನವನ ಹೆಸರನ್ನೇ ಈ ರಸ್ತೆಗೆ ಇಟ್ಟಿದ್ದಾರೆ ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ ಅವನು ಬರುವ ತನಕ ನಮ್ಮವರಿಗೆ ಅಲ್ಲಿ ಚಿನ್ನ ಇರುವುದು ಗೊತ್ತೇ ಇರಲಿಲ್ಲವೇ?

ಉತ್ತರ: ರಸ್ತೆಯ ಹೆಸರು ಅವನದೇ, ಅನುಮಾನ ಬೇಡ. ಆದರೆ ಅವನು ಇಂಗ್ಲಿಷಿನವನಲ್ಲ, ಐರಿಶ್. ಇನ್ನು ‘ಕಂಡುಹಿಡಿದ’ ಅನ್ನುವ ಮಾತನ್ನು ಎರಡಾಗಿ ಒಡೆದು ನೋಡಬೇಕು. ಕೋಲಾರದ ಮಟ್ಟಿಗೆ ಕಂಡವರು ಬೇರೆ, ಹಿಡಿದವರು ಬೇರೆ.

ಕಂಡವರಿಂದ ಶುರು ಮಾಡೋಣ. ಅಕ್ಕಿ ಜಾಲಿಸುವುದನ್ನು ಅಡುಗೆಮನೆಯಲ್ಲಿ ನೋಡಿದ್ದೀರಲ್ಲ? ಪಾತ್ರೆಯನ್ನು ನೀರಿನಲ್ಲಿ ಓಲಾಡಿಸುತ್ತಾ ಅಕ್ಕಿಯನ್ನು ಮೆಲ್ಲಗೆ ಬಗ್ಗಿಸಿದರೆ ಕಲ್ಲು ತಳದಲ್ಲಿ ಉಳಿಯುತ್ತದೆ. ಚಿನ್ನ ಜಾಲಿಸುವುದೂ ಹೀಗೆಯೇ. ಮಣ್ಣನ್ನು ಮರಿಗೆಯಲ್ಲಿ ಹಾಕಿ, ನೀರು ಬೆರೆಸಿ ಆಡಿಸಿದರೆ ಮಣ್ಣು ಹರಿದು ಹೋಗುತ್ತದೆ, ಮರಳು ಹೋಗುತ್ತದೆ, ಕಡೆಗೆ ಕರಿ ಮರಳಿನ ಗೆರೆಯ ಜೊತೆ ನಾಲ್ಕಾರು ಹಳದಿ ಕಣ ಉಳಿದರೆ ಅವತ್ತಿನ ಕೂಲಿ ಗಿಟ್ಟಿದಂತೆ. ಬೆಣಚುಕಲ್ಲು ನೀರಿಗಿಂತ ಎರಡೂವರೆ ಪಟ್ಟು ಭಾರ, ಚಿನ್ನ 19 ಪಟ್ಟು. ಅಷ್ಟು ವ್ಯತ್ಯಾಸ ಇರುವುದರಿಂದಲೇ ಯಂತ್ರವಿಲ್ಲದೆ ಬರಿಗೈಯಲ್ಲಿ ಈ ಕೆಲಸ ಸಾಗುತ್ತದೆ. ಇದನ್ನೇ ಕಸುಬು ಮಾಡಿಕೊಂಡವರಿಗೆ ಕನ್ನಡದಲ್ಲಿ ಜಾಲಗಾರ, ಜಲಗಾರ ಎಂಬ ಹೆಸರೇ ಇದೆ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಚಿನ್ನ ಜಾಲಿಸುತ್ತಿದ್ದ ಜಾಲಗಾರರ ಬಗ್ಗೆ 19ನೇ ಶತಮಾನದ ಭೂವಿಜ್ಞಾನಿಗಳು ಬರೆದಿಟ್ಟಿದ್ದಾರೆ. ಅಷ್ಟು ದೂರ ಯಾಕೆ, ನಮ್ಮ ನಗರ್ತಪೇಟೆಯ ಚಿನ್ನದ ಕೆಲಸದವರ ಓಣಿಗೆ ಹೋಗಿ. ಅಲ್ಲಿ ಕಸ ಗುಡಿಸಿ ತುಂಬಿಕೊಂಡು ಹೋಗುವವರ ಕಣ್ಣೂ ಆ ಧೂಳಿನೊಳಗಿನ ಅರದ ಪುಡಿಯ ಮೇಲೇ. ಒಂದು ನುಡಿಗೆ ಇಂಥ ಕೆಲಸದ ಹೆಸರು ದಕ್ಕಬೇಕಾದರೆ ಆ ಕೆಲಸ ನೂರಾರು ವರ್ಷ ನಡೆದಿರಬೇಕು.

ರಾಯಚೂರಿನ ಹಟ್ಟಿಯಲ್ಲಂತೂ ಹಿಂದಿನವರು 600 ಅಡಿಗೂ ಆಳಕ್ಕೆ ಇಳಿದಿದ್ದರು. ಅಲ್ಲಿನ ಹಳೆಯ ಗುಂಡಿಯಲ್ಲಿ ಸಿಕ್ಕ ಮರದ ತುಂಡಿನ ವಯಸ್ಸು ಸುಮಾರು 2000 ವರ್ಷ. ಹರಪ್ಪದ ಚಿನ್ನವೂ ಕೋಲಾರದ್ದೇ ಅನ್ನುವ ಮಾತು ಆಗಾಗ ವಾಟ್ಸ್ಆ್ಯಪ್‌ನಲ್ಲಿ ಬರುತ್ತಿರುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಅದು ಊಹೆ. ನಾನಾದರೆ ಅದರ ಮೇಲೆ ಪಂಥ ಕಟ್ಟುವುದಿಲ್ಲ.

ಈಗ 1802ಕ್ಕೆ ಬನ್ನಿ. ಟಿಪ್ಪು ಸತ್ತು ಮೂರು ವರ್ಷ. ಮೈಸೂರು ಸೀಮೆಯ ಗಡಿ ಅಳೆಯುವ ಕೆಲಸದ ಮೇಲೆ ಲೆಫ್ಟಿನೆಂಟ್ ಜಾನ್ ವಾರನ್ ಕೋಲಾರದ ಕಡೆ ಬಂದ. ಯರ್ರಕೊಂಡ ಬೆಟ್ಟದ ಸುತ್ತ ಚಿನ್ನ ಸಿಗುತ್ತದಂತೆ ಅನ್ನುವ ಸುದ್ದಿ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಕೊಡುತ್ತೇನೆ ಅಂದ. ಹಳ್ಳಿಯವರು ಮಣ್ಣು ತುಂಬಿದ ಗಾಡಿಯನ್ನು ಅವನ ಮುಂದೆಯೇ ನಿಲ್ಲಿಸಿ, ಜಾಲಿಸಿ, ಕಣ ತೋರಿಸಿದರು. ಊರಿಗಾಂ, ಮಾರಿಕುಪ್ಪಂ ಸುತ್ತ ಅಡ್ಡಾಡಿದಾಗ ಮಾರಿಕುಪ್ಪಂನಲ್ಲಿ ಗುಂಡಿಗಳೇ ಇದ್ದವು, ಒಳಗೆ ಜನ ಕೆಲಸ ಮಾಡುತ್ತಿದ್ದರು. ಗಂಡಸರು ಕೆಳಗೆ ಕಲ್ಲು ಒಡೆದು ಬುಟ್ಟಿಗೆ ಹಾಕಿ ಕೈಯಿಂದ ಕೈಗೆ ಮೇಲಕ್ಕೆ ದಾಟಿಸುವುದು, ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡುವುದು, ಆಮೇಲೆ ಬಾವಿಯ ಹತ್ತಿರ ಒಯ್ದು ಜಾಲಿಸುವುದು. ಮಾಡುತ್ತಿದ್ದವರು ಮುಟ್ಟಬಾರದವರೆಂದು ಊರ ಹೊರಗೆ ಇಟ್ಟಿದ್ದ ಜನ. ಹಾಗೆ ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಗೇ ಮುಗಿಯಿತು. ವಾರನ್ ನೋಡಿದ್ದು ನಡೆಯುತ್ತಿದ್ದ ಗಣಿಯನ್ನು.

(ಈ ವಾರನ್ ಸ್ವಾರಸ್ಯದ ಮನುಷ್ಯ. ಮುಂದೆ ಮದ್ರಾಸಿನ ವೀಕ್ಷಣಾಲಯದ ಮುಖ್ಯಸ್ಥನಾಗಿ, ದಕ್ಷಿಣದ ಪಂಚಾಂಗ ಲೆಕ್ಕಗಳ ಮೇಲೆ ‘ಕಾಲಸಂಕಲಿತ’ ಅನ್ನುವ ದಪ್ಪ ಪುಸ್ತಕ ಬರೆದ. ಚಿನ್ನಕ್ಕಿಂತ ತಿಥಿ ನಕ್ಷತ್ರವೇ ಅವನ ಕೈ ಹಿಡಿಯಿತು.)

ಅವನ ವರದಿ ಅಚ್ಚಾಯಿತು. ಒಂದಿಷ್ಟು ಜನ ಬಂದು ಕೆದಕಿ ನೋಡಿ, ಕೈಸುಟ್ಟುಕೊಂಡು ಹೋದರು. ಗುಂಡಿ ಕುಸಿದು ಸಾವುಗಳಾದವು ಅಂತ 1859ರಲ್ಲಿ ಸರ್ಕಾರ ನೆಲದೊಳಗಿನ ಗಣಿಗಾರಿಕೆಯನ್ನೇ ನಿಲ್ಲಿಸಿತು.

ಅಲ್ಲಿಂದ ಹನ್ನೆರಡು ವರ್ಷಕ್ಕೆ ನಿಮ್ಮ ರಸ್ತೆಯ ಮನುಷ್ಯ ಬಂದ. ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ನ್ಯೂಜಿಲೆಂಡಿನಲ್ಲಿ ಮಾವೊರಿಗಳ ವಿರುದ್ಧದ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ಬೀಡುಬಿಟ್ಟಿದ್ದ ನಿವೃತ್ತ ಸೈನಿಕ. ನ್ಯೂಜಿಲೆಂಡಿನಲ್ಲಿ ಆಗ ಚಿನ್ನದ ಹುಚ್ಚಿನ ಕಾಲ, ಆ ಗಾಳಿ ಇವನಿಗೂ ಸೋಕಿತ್ತು. 1871ರಲ್ಲಿ ವಾರನ್‌ನ ಹಳೆಯ ಬರಹ ಕೈಗೆ ಸಿಕ್ಕಿದ್ದೇ ಎತ್ತಿನ ಗಾಡಿ ಕಟ್ಟಿಸಿ 60 ಮೈಲಿ ದೂರದ ಕೋಲಾರಕ್ಕೆ ಹೊರಟ. ಅಲ್ಲಿ ಹಳೆಯ ಗುಂಡಿಗಳನ್ನು ನೋಡಿ, ಗುರುತು ಹಾಕಿಕೊಂಡು, 1873ರಲ್ಲಿ ಅರ್ಜಿ ಹಾಕಿದ. ಮಹಾರಾಜರು ಚಾಮರಾಜ ಒಡೆಯರು ಇನ್ನೂ ಬಾಲಕರು, ಆಳುತ್ತಿದ್ದದ್ದು ಬ್ರಿಟಿಷ್ ಕಮಿಷನರು. ಕಚೇರಿಯವರಿಗೆ ಚಿನ್ನದ ಮೇಲೆ ನಂಬಿಕೆಯಿಲ್ಲ, ಬೇಕಾದರೆ ಕಲ್ಲಿದ್ದಲು ಹುಡುಕಿಕೋ ಅಂದರು! ಲ್ಯಾವೆಲ್ ಪಟ್ಟು ಬಿಡಲಿಲ್ಲ. ಗೆದ್ದರೆ ಸರ್ಕಾರಕ್ಕೆ ಲಾಭ, ಸೋತರೆ ಸರ್ಕಾರಕ್ಕೆ ಕಾಸಿನ ಖರ್ಚೂ ಇಲ್ಲ ಅನ್ನುವುದು ಅವನ ವಾದ. 1875ರ ಫೆಬ್ರವರಿ 2ರಂದು 20 ವರ್ಷದ ಪರವಾನಗಿ ಸಿಕ್ಕಿತು. ಅದೇ ವರ್ಷ ಊರಿಗಾಂನಲ್ಲಿ ಬಾವಿ ತೋಡಿಸಿದ. ಎರಡೇ ವರ್ಷದಲ್ಲಿ ಕೈಯಲ್ಲಿದ್ದ ದುಡ್ಡು ಕರಗಿ, ಬೆರೆಸ್ಫೋರ್ಡ್ ಎಂಬ ಮೇಜರ್ ಜನರಲ್ ಮತ್ತವನ ಗೆಳೆಯರಿಗೆ ಹಕ್ಕು ಬಿಟ್ಟುಕೊಟ್ಟ. ‘ಹಿಡಿದವನು’ ಅಂದೆನಲ್ಲ, ಅವನು ಹಿಡಿದದ್ದು ಈ ಕಾಗದವನ್ನು. ಬೆಂಗಳೂರಿನಲ್ಲಿ ರಸ್ತೆಗೆ ಹೆಸರು ಬರಲು ಅಷ್ಟು ಸಾಕಾಯಿತು.

ಕ್ಯಾಲಿಫೋರ್ನಿಯಾದಲ್ಲಿ 1849ರಲ್ಲಿ ಊರಿಗೆ ಊರೇ ಜಾಲರಿ, ಬಾಣಲೆ ಹಿಡಿದು ಹೊಳೆಗೆ ಓಡಿದ ಹಾಗೆ ಇಲ್ಲಿ ಯಾಕೆ ಆಗಲಿಲ್ಲ ಅಂತಲೂ ಕೆಲವರು ಕೇಳುತ್ತಾರೆ. ಕೋಲಾರದ ಚಿನ್ನ ಹೊಳೆಯ ಮರಳಿನಲ್ಲಿ ಬಿದ್ದಿರಲಿಲ್ಲ. ಕರಿಯ ಗಟ್ಟಿ ಬಂಡೆಯೊಳಗೆ ಹಾವಿನಂತೆ ಇಳಿದುಹೋದ ಬೆಣಚುಕಲ್ಲಿನ ಪಟ್ಟೆಗಳಲ್ಲಿ ಅಂಟಿಕೊಂಡಿತ್ತು. ಹಳಬರು ಬಂಡೆಗೆ ಬೆಂಕಿ ಹೊತ್ತಿಸಿ, ಕಾದ ಮೇಲೆ ನೀರು ಸುರಿದು, ಬಿರುಕು ಬಿಟ್ಟಲ್ಲಿ ಒಡೆಯುತ್ತಿದ್ದರು. ಇನ್ನೂ ಕೆಳಕ್ಕೆ ಹೋದಂತೆ ನೀರು ಉಕ್ಕಿ ಬರುತ್ತಿತ್ತು, ಅಲ್ಲಿಗೆ ಕೆಲಸ ನಿಲ್ಲುತ್ತಿತ್ತು. ಮುಂದುವರಿಯಬೇಕಾದರೆ ಪಂಪು, ಹಬೆಯಂತ್ರ, ಕುಟ್ಟುವ ಗಿರಣಿ, ಪಾದರಸ ಎಲ್ಲ ಬೇಕು. ಅಷ್ಟು ದುಡ್ಡು ಒಬ್ಬನ ಜೇಬಿನಲ್ಲಿ ಎಲ್ಲಿರುತ್ತದೆ? ಹಾಗಾಗಿ ನಮ್ಮ ಕಡೆಯ ಚಿನ್ನದ ಹುಚ್ಚು ಹತ್ತಿದ್ದು ಲಂಡನ್ನಿನ ಷೇರುಪೇಟೆಗೆ.

ಅದೂ ಮೊದಲು ಹತ್ತಿದ್ದು ಕೋಲಾರದ ಮೇಲಲ್ಲ, ವೈನಾಡಿನ ಮೇಲೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಿಂದ ಬಂದ ಬ್ರೋ ಸ್ಮಿತ್ ಎಂಬ ಗಣಿ ಪಂಡಿತ ದೇವಾಲ, ಪಂದಲೂರು ಕಡೆ ಸುತ್ತಿ ಆಸೆ ಹುಟ್ಟಿಸುವ ವರದಿ ಕೊಟ್ಟ. 1880ರ ಆಚೀಚೆ ಹತ್ತಾರು ಕಂಪನಿಗಳು ಎದ್ದವು, ಒಟ್ಟು ಬಂಡವಾಳ 40 ಲಕ್ಷ ಪೌಂಡಿಗೂ ಮಿಕ್ಕು. ಕಾಫಿ ತೋಟದವರು ಗಿಡ ಬಿಟ್ಟು ಗುಡ್ಡ ಮಾರಿದರು. ಕಲ್ಲು ಕುಟ್ಟಿ ನೋಡಿದಾಗ ಚಿನ್ನ ಉಗುರಿನ ಸಂದಿಗೂ ಸಾಲದಷ್ಟು. ಎರಡು ಮೂರು ವರ್ಷದಲ್ಲಿ ಎಲ್ಲ ಮುಚ್ಚಿಕೊಂಡು, ಯಂತ್ರಗಳು ಕಾಡಿನಲ್ಲಿ ತುಕ್ಕು ಹಿಡಿದವು.

ಈ ಗದ್ದಲದ ಬೆನ್ನಿಗೇ ಕೋಲಾರದ ಹೆಸರಲ್ಲೂ ಷೇರು ಮಾರಿದ್ದರು. 1880ರಲ್ಲಿ ಮೈಸೂರು ಗೋಲ್ಡ್ ಕಂಪನಿ ಹುಟ್ಟಿತು, ನಡೆಸುವ ಹೊಣೆ ಜಾನ್ ಟೇಲರ್ ಅಂಡ್ ಸನ್ಸ್ ಅವರದು. ಮೂರು ವರ್ಷ ತೋಡಿದರೂ ಚಿನ್ನದ ಸುಳಿವಿಲ್ಲ, ಖಜಾನೆ ತಳ ಕಂಡಿತು. ಸಾಕು ಮಾಡಿ ಅಂತ ಷೇರುದಾರರು ಕೂತರೆ, ಉಳಿದ ಚೂರು ದುಡ್ಡನ್ನೂ ಹಾಕಿ ನೋಡೋಣ ಅಂತ ಟೇಲರ್ ಒಪ್ಪಿಸಿದ. ಗಣಿಗೆ ಕಳಿಸಿದ್ದು ಕ್ಯಾಪ್ಟನ್ ಪ್ಲಮರ್ ಎಂಬವನನ್ನು. (ಈ ‘ಕ್ಯಾಪ್ಟನ್’ ಸೈನ್ಯದ್ದಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ಮೇಸ್ತ್ರಿಗಳ ಮೇಲಿನವನಿಗೆ ಕರೆಯುವ ಹೆಸರು.) ಪ್ಲಮರ್ ಹೊಸ ಜಾಗ ಹುಡುಕಲು ಹೋಗಲಿಲ್ಲ. ನಮ್ಮ ಹಳಬರು ಬಿಟ್ಟುಹೋಗಿದ್ದ ಗುಂಡಿಯ ಮಣ್ಣು ತೆಗೆಸಿ, ಅವರು ನಿಂತಲ್ಲಿಂದ ಕೆಳಕ್ಕೆ ಇಳಿದ. 1883ರ ಹೊತ್ತಿಗೆ ಚಾಂಪಿಯನ್ ರೀಫ್ ಎಂದು ಹೆಸರಾದ ಪಟ್ಟೆ ಸಿಕ್ಕಿತು. ಅಷ್ಟು ಆಳಕ್ಕೆ ಬೆಂಕಿ ನೀರಿನಲ್ಲೇ ಹೋದವರು ಸುಮ್ಮನೆ ಹೋಗಿರಲಾರರು ಅನ್ನುವ ಅಂದಾಜು ಅವನದು. ನನ್ನ ಕೇಳಿದರೆ ಇಡೀ ಕಥೆಯಲ್ಲಿ ಬುದ್ಧಿವಂತಿಕೆಯ ಕೆಲಸ ಇದೊಂದೇ.

ಮುಂದಿನದು ನಿಮಗೆ ಗೊತ್ತಿರುವುದೇ. ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಕೂಲಿಗೆ ಬಂದ ತಮಿಳರು ತಟ್ಟಿ ಗುಡಿಸಲುಗಳ ‘ಲೈನ್’ಗಳಲ್ಲಿ ನೆಲೆಸಿದರು. ಕೆಜಿಎಫ್‌ನಲ್ಲಿ ಇಂದಿಗೂ ಅಂಗಡಿ ಮಾತು ತಮಿಳಾಗಿರುವುದು ಅದಕ್ಕೇ. ಶಿವನಸಮುದ್ರದಲ್ಲಿ ಹುಟ್ಟಿಸಿದ ಕರೆಂಟು 1902ರಲ್ಲಿ ಸುಮಾರು 147 ಕಿ.ಮೀ. ತಂತಿಯ ಮೇಲೆ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇನ್ನೂ ಮೂರು ವರ್ಷ ಬಿಟ್ಟು, 1905ರಲ್ಲಿ. ಗಣಿ 3 ಕಿ.ಮೀ.ಗೂ ಆಳಕ್ಕಿಳಿದು, 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು.

ಒಂದು ಭಾನುವಾರ ಬಿಡುವಿದ್ದರೆ ಮಾರಿಕುಪ್ಪಂ ರೈಲು ಹತ್ತಿ. ಬಂಗಾರಪೇಟೆಯಲ್ಲಿ ಕವಲೊಡೆಯುವ ಆ ಹಳಿಯನ್ನು ಗಣಿಗಾಗಿಯೇ 1894ರಲ್ಲಿ ಹಾಕಿದ್ದು. ವಾರದ ದಿನ ಬೆಳಿಗ್ಗೆ ಎದುರಿನಿಂದ ಬರುವ ಗಾಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಗಣಿ ಕೆಲಸದವರ ಮಕ್ಕಳು ಮೊಮ್ಮಕ್ಕಳು ಬೆಂಗಳೂರಿಗೆ ಕೆಲಸಕ್ಕೆ ಬರುವುದು ಅದರಲ್ಲೇ. ದಾರಿಯ ಸ್ಟೇಷನ್ ಬೋರ್ಡುಗಳಲ್ಲಿ ಊರ್ಗಾಂ ಸಿಗುತ್ತದೆ, ಚಾಂಪಿಯನ್ ಸಿಗುತ್ತದೆ, ಆಚೆ ಕಡೆ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಬಿಳಿಚು ದಿಬ್ಬಗಳು ಕಾಣುತ್ತವೆ. ಹಳಿ ಕೊನೆಯಾಗುವುದು ಮಾರಿಕುಪ್ಪಂನಲ್ಲಿ, 1802ರಲ್ಲಿ ಬುಟ್ಟಿ ಕೈಯಿಂದ ಕೈಗೆ ಮೇಲೇರುತ್ತಿದ್ದ ಊರಲ್ಲಿ.