ಹಾಳೆ ಮಗುಚುವ ಗಡಿಯಾರದ ರೇಡಿಯೊ: ದುರಸ್ತಿಯ ಹಿಂದಿನ ವಿಜ್ಞಾನ

1970ರ ದಶಕದಲ್ಲಿ ಮನೆಮಾತಾಗಿದ್ದ ಫ್ಲಿಪ್ ಗಡಿಯಾರದ ರೇಡಿಯೊವನ್ನು ಬಿಚ್ಚಿ ನೋಡಿದರೆ, ಕಾಲವನ್ನು ಅಳೆಯುವ ಲೋಲಕವಾಗಲಿ ಕ್ವಾರ್ಟ್ಸ್ ಹರಳಾಗಲಿ ಒಳಗೆ ಕಾಣಸಿಗುವುದಿಲ್ಲ. ಅಲ್ಲಿರುವುದು ಒಂದು ಪುಟ್ಟ ಸಿಂಕ್ರೊನಸ್ ಮೋಟಾರ್, ಒಂದಷ್ಟು ಹಲ್ಲುಚಕ್ರಗಳು ಮತ್ತು ಅಂಕಿಗಳನ್ನು ಹೊತ್ತ ಪ್ಲಾಸ್ಟಿಕ್ ಹಾಳೆಗಳ ಉರುಳೆಗಳು. ಹೊರಗೆ ಯಾವ ಕಂಪನಿಯ ಹೆಸರಿದ್ದರೂ ಒಳಗಿನ ಯಂತ್ರ ಜಪಾನಿನ ಕೋಪಾಲ್ ಕಂಪನಿಯದಾಗಿರುವುದು ಸಾಮಾನ್ಯ.

ಹಲವು ಮಾದರಿಗಳ ನಿಮಿಷದ ಉರುಳೆಯಲ್ಲಿ 60 ಹಾಳೆಗಳಿರುತ್ತವೆ. ಅದು ಗಂಟೆಗೊಂದು ಸುತ್ತು ಹಾಕುತ್ತದೆ. ಪ್ರತಿ ಹಾಳೆಯ ಒಂದು ಬದಿಯಲ್ಲಿ ಒಂದು ಸಂಖ್ಯೆಯ ಮೇಲರ್ಧವೂ ಇನ್ನೊಂದು ಬದಿಯಲ್ಲಿ ಅದರ ಮುಂದಿನ ಸಂಖ್ಯೆಯ ಕೆಳಗಿನ ಅರ್ಧವೂ ಅಚ್ಚಾಗಿರುತ್ತವೆ. ಉರುಳೆ ಎಲ್ಲಿಯೂ ನಿಲ್ಲದೆ ನಿಧಾನವಾಗಿ ತಿರುಗುತ್ತಲೇ ಇದ್ದರೂ, ಮೇಲಿನ ಹಾಳೆಯ ತುದಿಯನ್ನು ಒಂದು ಸಣ್ಣ ಕೊಕ್ಕೆ ತಡೆದು ಹಿಡಿದಿರುತ್ತದೆ. ಬುಡ ಸರಿಯುತ್ತಾ ಹೋದಂತೆ ಹಾಳೆಯ ತುದಿ ಕೊಕ್ಕೆಯಿಂದ ಜಾರುತ್ತದೆ, ಗುರುತ್ವ ಅದನ್ನು ಕೆಳಕ್ಕೆ ಮಗುಚುತ್ತದೆ. ಎಡೆಬಿಡದ ಚಲನೆಯನ್ನು ನಿಮಿಷಕ್ಕೊಂದು ಹೆಜ್ಜೆಯಾಗಿ ಮಾರ್ಪಡಿಸುವ ಇಷ್ಟು ಸರಳವಾದ ಉಪಾಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸಮಯ ಹೊಂದಿಸುವಾಗ ಗುಂಡಿಯನ್ನು ಮುಂದಕ್ಕೆ ಮಾತ್ರ ತಿರುಗಿಸಬೇಕೆನ್ನುವುದೂ ಇದೇ ಕಾರಣಕ್ಕೆ. ಹಿಂದಕ್ಕೆ ಒತ್ತಾಯದಿಂದ ತಿರುಗಿಸಿದರೆ ಹಾಳೆಗಳು ಸಿಕ್ಕಿಕೊಂಡು ಬಾಗುತ್ತವೆ.

ಹಾಗಾದರೆ ಸಮಯ ಬರುವುದು ಎಲ್ಲಿಂದ? ವಿದ್ಯುತ್ ಜಾಲದಿಂದ. ಸಿಂಕ್ರೊನಸ್ ಮೋಟಾರಿನ ವೇಗ ಪರ್ಯಾಯ ವಿದ್ಯುತ್ತಿನ ಆವರ್ತನವನ್ನು, ಅಂದರೆ ಅದು ಸೆಕೆಂಡಿಗೆ ಎಷ್ಟು ಆವೃತ್ತಿ (ಹರ್ಟ್ಸ್) ಪೂರೈಸುತ್ತದೆ ಎಂಬುದನ್ನು ಅವಲಂಬಿಸಿದೆ. 60 ಹರ್ಟ್ಸ್ ಜಾಲಕ್ಕೆಂದು ತಯಾರಾದ ಗಡಿಯಾರವನ್ನು 50 ಹರ್ಟ್ಸ್ ಜಾಲಕ್ಕೆ ಜೋಡಿಸಿದರೆ ಅದು ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸಬಲ್ಲದೇ ಹೊರತು ಆವರ್ತನವನ್ನಲ್ಲ. ಆದ್ದರಿಂದ ದೂರದೇಶದಿಂದ ತರಿಸಿಕೊಳ್ಳುವವರು ವೋಲ್ಟೇಜಿನ ಜೊತೆಗೆ ಹರ್ಟ್ಸ್ ಸಂಖ್ಯೆಯನ್ನೂ ತಪ್ಪದೆ ನೋಡಬೇಕು. ಈ ಅವಲಂಬನೆ ಎಷ್ಟು ನೇರವಾದದ್ದು ಎಂಬುದು 2018ರಲ್ಲಿ ಯುರೋಪಿನಲ್ಲಿ ಎದ್ದು ಕಂಡಿತು. ಸರ್ಬಿಯಾ ಮತ್ತು ಕೊಸೊವೊ ನಡುವಿನ ವಿವಾದದಿಂದ ಜಾಲದಲ್ಲಿ ವಿದ್ಯುತ್ತಿನ ಕೊರತೆ ಉಂಟಾಗಿ, ಜನವರಿ ಮಧ್ಯದಿಂದ ಮಾರ್ಚ್ ಆರಂಭದವರೆಗೆ ಸರಾಸರಿ ಆವರ್ತನ 49.996 ಹರ್ಟ್ಸ್‌ಗೆ ಇಳಿಯಿತು. ಆ ಅತ್ಯಲ್ಪ ವ್ಯತ್ಯಾಸವೇ ದಿನದಿನವೂ ಕೂಡುತ್ತಾ ಹೋಗಿ, ಖಂಡದ ಬಹುಭಾಗದಲ್ಲಿ ಜಾಲವನ್ನು ನಂಬಿದ್ದ ಗಡಿಯಾರಗಳು ಸುಮಾರು 6 ನಿಮಿಷ ಹಿಂದೆ ಬಿದ್ದವು.

ಹಳೆಯ ಗಡಿಯಾರವೊಂದು ನಿಂತುಹೋಗಿದ್ದರೆ ಅಥವಾ ತಡವರಿಸುತ್ತಿದ್ದರೆ, ಬಹಳಷ್ಟು ಸಲ ಕಾರಣ ಗಟ್ಟಿಯಾದ ಗ್ರೀಸ್. ಮೋಟಾರಿನ ಬಲ ತೀರಾ ಕಡಿಮೆಯಾದ್ದರಿಂದ ಅಂಟಾದ ಗ್ರೀಸಿನ ಘರ್ಷಣೆಯನ್ನು ಗೆಲ್ಲಲು ಅದಕ್ಕೆ ಆಗುವುದಿಲ್ಲ. ಹಲ್ಲುಚಕ್ರಗಳ ಡಬ್ಬಿ ಮುಚ್ಚಿಕೊಂಡಿರುವುದರಿಂದ ಎಣ್ಣೆ ಒಳಗೆ ಹೋಗುವುದೂ ಕಷ್ಟ. ಇದಕ್ಕೆ ಬಲ್ಲವರು ಅನುಸರಿಸುವ ವಿಧಾನ ಸೊಗಸಾದದ್ದು: ಮೋಟಾರಿನ ತಂತಿಯ ಸುರುಳಿಯಿಂದ ಬೇರ್ಪಡಿಸಿದ ಡಬ್ಬಿಯನ್ನು ಹದವಾಗಿ ಬಿಸಿ ಮಾಡಿ, ದಂಡದ ಬುಡಕ್ಕೆ ತೆಳುವಾದ ಯಂತ್ರದೆಣ್ಣೆಯ ಹನಿ ಬಿಟ್ಟರೆ, ತಣ್ಣಗಾಗುವಾಗ ಕುಗ್ಗುವ ಒಳಗಿನ ಗಾಳಿ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇಷ್ಟು ಮಾಡದೆ ಮೋಟಾರನ್ನೇ ಕಿತ್ತು ಕ್ವಾರ್ಟ್ಸ್ ಯಂತ್ರ ಕೂರಿಸುವುದನ್ನು ನಾನು ದುರಸ್ತಿ ಎಂದು ಒಪ್ಪಲಾರೆ. ಜಾಲದೊಂದಿಗಿನ ನಂಟೇ ಈ ಯಂತ್ರದ ಜೀವ. ಹಾಳೆಗಳ ಧೂಳನ್ನು ಮೃದುವಾದ ಕುಂಚದಿಂದ ತೆಗೆದರೆ ಸಾಕು. ಅಸಿಟೋನಿನಂಥ ದ್ರಾವಕ ತಾಗಿದರೆ ಅಚ್ಚಾದ ಅಂಕಿಗಳೇ ಅಳಿಸಿಹೋಗಬಹುದು.

ರೇಡಿಯೊ ಭಾಗದ ಕೆಲಸ ಹೆಚ್ಚು ಪರಿಚಿತವಾದದ್ದು. ಧ್ವನಿಯ ಗುಂಡಿ ತಿರುಗಿಸಿದಾಗ ಕರಕರ ಸದ್ದು ಬಂದರೆ ಅದರ ಪೊಟೆನ್ಶಿಯೊಮೀಟರನ್ನು, ಅಂದರೆ ಗುಂಡಿಯೊಂದಿಗೆ ತಿರುಗಿ ಧ್ವನಿಯನ್ನು ಏರಿಸಿ ಇಳಿಸುವ ಬಿಡಿಭಾಗವನ್ನು, ಸ್ವಚ್ಛಗೊಳಿಸಬೇಕು. ಸ್ಪೀಕರಿನಲ್ಲಿ ದಪ್ಪನೆಯ ಗುಂಯ್‌ಗುಡುವಿಕೆ ಇದ್ದರೆ, ವಿದ್ಯುತ್ತಿನ ಏರಿಳಿತವನ್ನು ಸಮ ಮಾಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿದೆ ಎಂದು ಮೊದಲು ಶಂಕಿಸಬೇಕು. ಮೋಟಾರಿನ ಸುರುಳಿಗೆ ಸಾಮಾನ್ಯವಾಗಿ ಗೋಡೆಯ ವಿದ್ಯುತ್ತೇ ನೇರವಾಗಿ ಬರುವುದರಿಂದ, ಪ್ಲಗ್ ಕೀಳದೆ ಒಳಗೆ ಕೈ ಹಾಕಲೇಬಾರದು. ರೇಡಿಯೊ ಆರಿಸಿದ ಮೇಲೂ ಗುಂಯ್‌ಗುಡುವಿಕೆ ಉಳಿದರೆ ಅದು ಬಹುತೇಕ ಮೋಟಾರಿನದೇ. ಕೆಪಾಸಿಟರ್ ಬದಲಿಸಿ ಪ್ರಯೋಜನವಿಲ್ಲ, ಮತ್ತೆ ಎಣ್ಣೆಯ ಕೆಲಸಕ್ಕೇ ಮರಳಬೇಕು.